ಪದ ಪರಿಚಯ: ಜೀತ

ತೆಲುಗಿನಲ್ಲಿ 'ಜೀತಂ' ಅಂದರೆ ಇವತ್ತಿಗೂ ತಿಂಗಳ ಸಂಬಳ. ಹಳಗನ್ನಡದಲ್ಲೂ ಜೀತಕ್ಕೆ ಅದೇ ಅರ್ಥವಿತ್ತು. 'ಜೀವಿತ' ಸವೆದು ಜೀತವಾಗಿದೆ. ಹೊಟ್ಟೆಪಾಡಿಗೆ ಆಧಾರವಾದದ್ದು ಅಂತ. ಅದೇ ಪದ ಈಗ ನಮ್ಮಲ್ಲಿ ಸಂಬಳವೇ ಇಲ್ಲದ ದುಡಿಮೆಗೆ ಹೆಸರಾಗಿದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಜೀತ ಶುರುವಾಗುವುದು ಸಾಲದಿಂದ. ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕು, ಅಡವಿಡಲು ಹೊಲ ಇಲ್ಲ. ಧಣಿ ಕೊಡುತ್ತಾನೆ, ತೀರುವವರೆಗೆ ಇಲ್ಲೇ ದುಡಿ ಅನ್ನುತ್ತಾನೆ. ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ತಿಂದ ಊಟ, ಉಟ್ಟ ಬಟ್ಟೆ, ಜ್ವರ ಬಂದು ಮಲಗಿದ ದಿನ, ಎಲ್ಲವೂ ಸಾಲಕ್ಕೇ ಸೇರುತ್ತದೆ. ಅಪ್ಪನ ಸಾಲಕ್ಕೆ ಮಗ ದನ ಕಾಯಲು ಬರುತ್ತಾನೆ. ಹೀಗೆ ಸಿಕ್ಕಿಕೊಂಡವರಲ್ಲಿ ದಲಿತರು, ಆದಿವಾಸಿಗಳೇ ಜಾಸ್ತಿ. ಅದು ಸುಮ್ನೆ ಆದದ್ದಲ್ಲ, ಅಲ್ವಾ? ತಲೆಮಾರುಗಳಿಂದ ಅವರ ಕೈಗೆ ಭೂಮಿ ಸಿಗದಂತೆ ನೋಡಿಕೊಂಡಿದ್ದರ ಫಲ.

ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೇ ವಿಧಿಯೇ ನಿಷೇಧಿಸಿತ್ತು. ಆದರೂ ದೇಶಕ್ಕೆಲ್ಲ ಅನ್ವಯಿಸುವ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರಲ್ಲಿ ನನಗೆ ತುಂಬ ಮುಖ್ಯ ಅನಿಸುವ ಮಾತೊಂದಿದೆ. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನೇ. ಓದು ಬಾರದ ಆಳು ಕಾಗದ ಪತ್ರ ಹುಡುಕುತ್ತಾ ಅಲೆಯಬೇಕಿಲ್ಲ.

1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ದುಡಿದ ಕಟ್ಟಡ ಕಾರ್ಮಿಕರ ಪ್ರಕರಣ ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದಿತು. ಹಗ್ಗ, ಸರಪಳಿ ಬೇಕಿಲ್ಲ, ಹಸಿವೇ ಸಾಕು.

ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಲ್ಲಿ ಈಗ ಇಂಥ ಸಾಲಕ್ಕೆ 'ಅಡ್ವಾನ್ಸ್' ಅಂತಾರೆ. ಅಡ್ವಾನ್ಸ್ ಪಡೆದವರೆಲ್ಲ ಜೀತದಾಳುಗಳಾಗುವುದಿಲ್ಲ. ಆದರೆ ಆ ದುಡ್ಡಿನ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡುತ್ತಿಲ್ಲವೇ? ಊರಿಗೆ ಹೋಗಿ ಬರಲು ತಡೆಯುತ್ತಾರಾ? ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೇ? ಇದರಲ್ಲಿ ಒಂದು ಹೌದಾದರೂ ಕಾಯ್ದೆಯ ಲೆಕ್ಕದಲ್ಲಿ ಅದು ಜೀತವೇ.

'ತಗೊಂಡ ಮೇಲೆ ತೀರಿಸಬೇಕಲ್ವಾ' ಅನ್ನುವುದು ಮರ್ಯಾದಸ್ಥರ ಮಾತು. ಆದರೆ ಕಾಯ್ದೆಯ ಪ್ರಕಾರ ಜೀತದ ಸಾಲ ಪೂರ್ತಿ ರದ್ದಾಗಿದೆ. ಅದಕ್ಕಾಗಿ ಒಂದು ರೂಪಾಯಿ ವಸೂಲು ಮಾಡಿದರೂ ತಪ್ಪು ಸಾಲ ಕೊಟ್ಟವನದ್ದು, ಮೂರು ವರ್ಷದವರೆಗೆ ಜೈಲಾಗಬಹುದು.