‘ಅಕ್ಕ ದುಡ್ಡು ತಗೊಳ್ಳಲ್ಲ ಮೇಡಂ’

ಹುಡುಗಿ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಬಾಟಲಿ ತೆಗೆದು ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಟ್ಟು ಏಳು. ಫೇಸ್‌ವಾಶ್, ಟೋನರ್, ಎರಡು ಸೀರಮ್, ರಕ್ತದ ಬಣ್ಣದ ಒಂದು ಪೀಲಿಂಗ್ ದ್ರಾವಣ, ರಾತ್ರಿಗೆ ರೆಟಿನಾಲ್, ಕೊನೆಗೊಂದು ಸನ್‌ಸ್ಕ್ರೀನ್. ಸನ್‌ಸ್ಕ್ರೀನಿನ ಸೀಲ್ ಮಾತ್ರ ಇನ್ನೂ ಒಡೆದಿರಲಿಲ್ಲ. ಅವಳ ಮೂಗಿನ ಎರಡೂ ಪಕ್ಕ ಚರ್ಮ ಸಿಪ್ಪೆ ಏಳುತ್ತಿತ್ತು. ಕೆನ್ನೆ ಕೆಂಪಗೆ ಊದಿತ್ತು. ಬರೀ ನೀರು ಹಾಕಿದರೂ ಉರಿ ಅಂದಳು.

‘ಇಷ್ಟೆಲ್ಲ ಹಚ್ಚು ಅಂತ ಯಾರು ಹೇಳಿದ್ರಮ್ಮ?’

‘ಅಕ್ಕ ಹೇಳಿದ್ರು.’

ಪಕ್ಕದಲ್ಲಿ ಕೂತಿದ್ದ ತಾಯಿಯ ಕಡೆ ತಿರುಗಿದೆ. ದೊಡ್ಡ ಮಗಳನ್ನೂ ಒಂದ್ಸಲ ಕರ್ಕೊಂಡು ಬನ್ನಿ ಅನ್ನುವುದರಲ್ಲಿದ್ದೆ. ‘ಇವಳೇ ದೊಡ್ಡವಳು ಮೇಡಂ’ ಅಂದರು ಅವರು. ‘ಫೋನಲ್ಲಿ ಬರ್ತಾಳಲ್ಲ, ಆ ಅಕ್ಕ.’

ಈ ಅಕ್ಕಂದಿರ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಹದಿನೈದು ವರ್ಷದ ಹಿಂದೆ ಸನ್‌ಸ್ಕ್ರೀನ್ ಹಚ್ಚಿ ಅಂದರೆ ‘ನಾವೇನು ಗದ್ದೆ ಕೆಲಸಕ್ಕೆ ಹೋಗ್ತೀವಾ ಮೇಡಂ’ ಎಂದು ನಗುತ್ತಿದ್ದರು. ಈಗ ಕಾಲೇಜು ಹುಡುಗರೂ ಎಸ್‌ಪಿಎಫ್ 30 ಸಾಕಾ, 50 ಬೇಕಾ ಎಂದು ಕೇಳುತ್ತಾರೆ. ಅದನ್ನು ಕಲಿಸಿದ್ದು ನನ್ನಂಥ ಡಾಕ್ಟರುಗಳಲ್ಲ. ಕಿಟಕಿ ಪಕ್ಕ ನಿಂತು, ನಮ್ಮದೇ ಕನ್ನಡದಲ್ಲಿ ಮಾತಾಡುವ ಆ ಹೆಣ್ಣುಮಕ್ಕಳು. ಅಷ್ಟನ್ನು ಒಪ್ಪಿಕೊಳ್ಳಲೇಬೇಕು.

ನನಗೆ ತಲೆ ಕೆಡುವುದು ಬೇರೆ ವಿಷಯಕ್ಕೆ. ನನ್ನ ಹತ್ತಿರ ಬರುವವರು ಪೆದ್ದರಲ್ಲ. ಕಂಡದ್ದೆಲ್ಲ ನಂಬುವವರೂ ಅಲ್ಲ. ಅವರಿಗೆ ಅನುಮಾನ ಜಾಸ್ತಿಯೇ. ‘ಸಿನಿಮಾದವರು ಹೇಳೋದು ದುಡ್ಡಿಗೆ, ನಂಗೊತ್ತು ಮೇಡಂ. ಇನ್‌ಫ್ಲುಯೆನ್ಸರ್‌ಗಳೂ ಅಷ್ಟೇ. ಆದ್ರೆ ಈ ಅಕ್ಕ ಹಾಗಲ್ಲ. ಇವರು ದುಡ್ಡು ತಗೊಳ್ಳಲ್ಲ. ಮೈನಸ್ ಪಾಯಿಂಟೂ ಹೇಳ್ತಾರೆ.’ ಈ ಮಾತನ್ನು ವಾರಕ್ಕೆ ಮೂರು ಸಲವಾದರೂ ಕೇಳುತ್ತೇನೆ. ಎಲ್ಲರನ್ನೂ ಅನುಮಾನಿಸಿ, ಜರಡಿ ಹಿಡಿದು, ಕೊನೆಗೆ ಒಬ್ಬಳನ್ನು ಆರಿಸಿ, ಅವಳು ಹೇಳಿದ ಏಳು ಬಾಟಲಿಯನ್ನೂ ಒಟ್ಟಿಗೆ ಮುಖಕ್ಕೆ ಸುರಿದುಕೊಂಡು ಬರುತ್ತಾರೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಕಂಪನಿಯಿಂದ ಮನೆಗೊಂದು ಡಬ್ಬ ಬರುತ್ತದೆ. ಒಳಗೆ ಬಣ್ಣದ ಕಾಗದದ ಚೂರುಗಳು, ಕೈಬರಹದ ಕಾರ್ಡು, ಎಂಟು ಹತ್ತು ಸಾಮಾನು. ಪಿಆರ್ ಪ್ಯಾಕೇಜ್ ಅನ್ನುತ್ತಾರೆ ಇದಕ್ಕೆ. ಎಷ್ಟೋ ಸಲ ಕರಾರು ಇರುವುದಿಲ್ಲ, ಇಷ್ಟ ಆದರೆ ವಿಡಿಯೋ ಮಾಡಿ, ಅಷ್ಟೇ. ಹಾಗಾಗಿ ‘ಇದು ಪೇಡ್ ಅಲ್ಲ’ ಅನ್ನುವ ಮಾತು ಸುಳ್ಳೇನೂ ಅಲ್ಲ. ಆದರೆ ಆದಾಯ ತೆರಿಗೆಯವರು ಈ ಮಾತನ್ನು ಒಪ್ಪಲಿಲ್ಲ. 2022ರ ಜುಲೈನಲ್ಲಿ 194ಆರ್ ಅನ್ನುವ ನಿಯಮ ಜಾರಿಯಾದಾಗ ಸುತ್ತೋಲೆಯಲ್ಲೇ ಬಿಡಿಸಿ ಬರೆದರು. ಪ್ರಚಾರಕ್ಕೆಂದು ಕೊಟ್ಟ ಕಾರು, ಮೊಬೈಲು, ಬಟ್ಟೆ, ಕಾಸ್ಮೆಟಿಕ್ಸ್ ವಾಪಸ್ ಕೊಟ್ಟರೆ ಸರಿ. ಇಟ್ಟುಕೊಂಡರೆ ಅದೂ ಲಾಭವೇ. ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇಕಡ 10ರಷ್ಟು ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ. ಲಿಪ್‌ಸ್ಟಿಕ್ಕೂ ಸಂಪಾದನೆ ಅಂತ ತೆರಿಗೆಯವರಿಗೆ ಹೊಳೆದಿದೆ, ನಮಗೆ ಹೊಳೆಯಬಾರದಾ?

ಜಾಹೀರಾತಿನವರು ತಮ್ಮ ಮೇಲೆ ಕಣ್ಣಿಡಲು ತಾವೇ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಸಂಸ್ಥೆ ಕೂಡ 2021ರಲ್ಲೇ ಇದನ್ನು ಹೇಳಿತ್ತು. ಪುಕ್ಕಟೆ ಸಾಮಾನು, ಡಿಸ್ಕೌಂಟು, ಪ್ರವಾಸ, ಏನೇ ಪಡೆದಿದ್ದರೂ ನೋಡುವವರಿಗೆ ತಿಳಿಸಬೇಕು ಎಂದು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸೂಚನೆ ಹೊರಡಿಸಿತು. ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಿ, ಹ್ಯಾಶ್‌ಟ್ಯಾಗ್ ಗುಂಪಿನೊಳಗೆ ಸೇರಿಸಿಬಿಡಬೇಡಿ ಅಂತ. ದಾರಿ ತಪ್ಪಿಸುವ ಜಾಹೀರಾತಿಗೆ ಕಾನೂನಿನಲ್ಲಿ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಾನು ವಕೀಲೆ ಅಲ್ಲ, ಇದರ ಒಳಹೊರಗು ಅವರನ್ನೇ ಕೇಳಿ. ನನಗೆ ಕಾಣುವುದಿಷ್ಟು: ಇಡೀ ವಿಡಿಯೋ ಅಚ್ಚ ಮಂಡ್ಯ ಕನ್ನಡದಲ್ಲಿರುತ್ತದೆ. ಕಂಪನಿ ಜೊತೆ ಸೇರಿ ಮಾಡಿದ್ದು ಅಂತ ತಿಳಿಸುವ ‘ಕೊಲ್ಯಾಬ್’ ಅನ್ನುವ ಒಂದು ಪದ ಮಾತ್ರ ಇಂಗ್ಲಿಷಿನಲ್ಲಿ, ಹದಿನಾಲ್ಕು ಹ್ಯಾಶ್‌ಟ್ಯಾಗ್ ಆದಮೇಲೆ ಇರುತ್ತದೆ.

ಇನ್ನು ಕೂಪನ್ ಕೋಡ್. ‘ನನ್ನ ಹೆಸರು ಹಾಕಿ, ನಿಮಗೆ ಶೇಕಡ 15 ಕಡಿಮೆ.’ ಮೈಸೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರಮನೆ ಮುಂದೆ ಪ್ರವಾಸಿಗಳನ್ನು ಹತ್ತಿಸಿಕೊಂಡ ಆಟೋ ಸಿಲ್ಕ್ ಅಂಗಡಿ ಮುಂದೆಯೇ ಯಾಕೆ ನಿಲ್ಲುತ್ತದೆ ಅಂತ ನಮಗೆಲ್ಲ ಗೊತ್ತು. ಅಂಗಡಿಯ ಸೀರೆ ಕೆಟ್ಟದು ಅಂತಲ್ಲ. ಆಟೋದವನು ಸುಳ್ಳುಗಾರ ಅಂತಲೂ ಅಲ್ಲ. ಕಮಿಷನ್, ಅಷ್ಟೇ.

ಇಲ್ಲಿಂದ ಮುಂದಿನದು ಹೇಳೋದು ಕಷ್ಟ. ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ.

‘ಮೈನಸ್ ಪಾಯಿಂಟೂ ಹೇಳ್ತಾರೆ’ ಅಂತೀರಲ್ಲ, ಏನು ಹೇಳಿದರು? ‘ಪಂಪ್ ಸರಿ ಇಲ್ಲ. ವಾಸನೆ ಸ್ವಲ್ಪ ಜೋರು. ರೇಟು ಜಾಸ್ತಿ.’ ನಮ್ಮ ಕಡೆ ಮದುವೆ ದಲ್ಲಾಳಿಗಳೂ ಹೀಗೇ ಮಾತಾಡುತ್ತಿದ್ದರು. ‘ಹುಡುಗ ಸ್ವಲ್ಪ ಕುಳ್ಳ, ಮುಚ್ಚಿಡೋದ್ಯಾಕೆ, ಮಾತೂ ಕಮ್ಮಿ.’ ಎಷ್ಟು ನೇರ ಮನುಷ್ಯ ಅಂತ ಹೆಣ್ಣಿನ ಕಡೆಯವರಿಗೆ ಖುಷಿ. ಹುಡುಗ ಕುಡಿಯುತ್ತಾನೆ ಅನ್ನುವುದನ್ನು ಯಾವ ದಲ್ಲಾಳಿ ಹೇಳಿದ್ದಾನೆ? ಸಣ್ಣ ದೋಷ ಒಪ್ಪಿಕೊಂಡರೆ ದೊಡ್ಡದನ್ನು ಯಾರೂ ಕೇಳುವುದಿಲ್ಲ.

ಹಾಗಂತ ಈ ಅಕ್ಕ ಬೇಕಂತಲೇ ಮುಚ್ಚಿಡುತ್ತಾಳೆ ಅಂತಲೂ ನಾನು ಹೇಳುತ್ತಿಲ್ಲ. ಅವಳು ಸುಳ್ಳು ಹೇಳುತ್ತಿದ್ದಾಳಾ ಅನ್ನುವ ಪ್ರಶ್ನೆಯೇ ನನಗೆ ಬೇಡ. ಯಾವುದನ್ನು ಹೇಳದೆ ಬಿಟ್ಟಳು ಅನ್ನುವುದು ಬೇಕು. ನಿಮ್ಮ ಚಿಕ್ಕಮ್ಮ ಗೃಹಪ್ರವೇಶಕ್ಕೆ ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟರೆ ಏನು ಮಾಡುತ್ತೀರಿ? ಬೀದಿಯಲ್ಲಿ ನಿಂತು ಹೇಳುತ್ತೀರಾ? ಸುಮ್ನೆ ಬೀರುವಿನ ಅಡಿಗೆ ಸೇರಿಸುತ್ತೀರಿ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಕಲಿತು ಬೆಳೆದವರು ನಾವು. ಪುಕ್ಕಟೆ ಬಂದ ಕ್ರೀಮು ಸರಿ ಇಲ್ಲದಿದ್ದರೆ ಅವಳೂ ಅಷ್ಟೇ ಮಾಡುತ್ತಾಳೆ. ವಿಡಿಯೋ ಮಾಡುವುದಿಲ್ಲ. ಅದು ಮೋಸ ಅಲ್ಲ, ದಾಕ್ಷಿಣ್ಯ. ಮುಂದಿನ ಹಬ್ಬಕ್ಕೂ ಡಬ್ಬ ಬರಲಿ ಅನ್ನುವ ಆಸೆಯೂ ಒಂದು ಚೂರು ಇರಬಹುದು.

ಆ ಹುಡುಗಿಗೆ ಇದನ್ನು ಬಾಯಲ್ಲಿ ಹೇಳಿ ಸಾಕಾಗಿ ಅವಳ ಬಾಟಲಿಗಳನ್ನೇ ತೆಗೆದುಕೊಂಡೆ. ‘ನೋಡು, ಅಕ್ಕನಿಗೆ ಏಳು ಬಂತು ಅಂದ್ಕೋ.’ ನಾಲ್ಕನ್ನು ಎತ್ತಿ ಮೇಜಿನ ಕೆಳಗೆ ಇಟ್ಟೆ. ‘ಇವು ಏನೂ ಮಾಡಲಿಲ್ಲ, ಸುಮ್ಮನಾದಳು.’ ಇನ್ನೊಂದನ್ನು ಇಟ್ಟೆ. ‘ಇದು ಉರಿಸ್ತು. ಅವತ್ತು ರೆಕಾರ್ಡಿಂಗ್ ಇಟ್ಕೊಳ್ಳಲಿಲ್ಲ.’ ಮೇಜಿನ ಮೇಲೆ ಎರಡು ಉಳಿದವು. ‘ಎರಡರ ಬಗ್ಗೆಯೂ ಅವಳು ಹೇಳಿದ್ದು ಸತ್ಯ. ಈಗ ಹೇಳು, ಈ ಕಂಪನಿ ಹೇಗೆ?’

‘ಚೆನ್ನಾಗಿದೆ’ ಅಂದಳು. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದಳು.

ಜನರ ನಂಬಿಕೆ ಅಲುಗಾಡಿದ್ದು ಇಲ್ಲಿ ಮಾತ್ರ ಅಲ್ಲ. 2023ರ ಜನವರಿಯಲ್ಲಿ ಅಮೆರಿಕದ ಮಿಕೇಲಾ ನೊಗೇರಾ ಅನ್ನುವ ಟಿಕ್‌ಟಾಕ್ ತಾರೆ ಲೋರಿಯಲ್‌ನವರ ಮಸ್ಕರಾ ಹಚ್ಚಿ ತೋರಿಸಿದಾಗ, ಕೊನೆಯಲ್ಲಿ ಕಾಣುವುದು ಅಂಟಿಸಿಕೊಂಡ ರೆಪ್ಪೆ ಎಂದು ನೋಡುಗರು ಮುಗಿಬಿದ್ದರು. ಕಂಪನಿಯ ಪ್ರಚಾರ ಅಂತ ಅದರಲ್ಲೇ ತಿಳಿಸಿದ್ದರೂ ಜನ ಬಿಡಲಿಲ್ಲ. ಅದೇ ಹೊತ್ತಿಗೆ ‘ಡೀ-ಇನ್‌ಫ್ಲುಯೆನ್ಸಿಂಗ್’ ಅನ್ನುವ ಹೊಸ ಗಾಳಿ ಎದ್ದಿತು. ಇದನ್ನು ಕೊಳ್ಳಬೇಡಿ, ದುಡ್ಡು ದಂಡ ಅನ್ನುವ ವಿಡಿಯೋಗಳು. ಒಳ್ಳೆಯದೇ ಆಯಿತು ಅಂದುಕೊಂಡೆ. ನೋಡುತ್ತಾ ಹೋದರೆ ಅರ್ಧಕ್ಕರ್ಧ ‘ಅದರ ಬದಲು ಇದನ್ನು ತಗೊಳ್ಳಿ’ ಅಂತ ಮುಗಿಯುತ್ತಿದ್ದವು.

ಸರಿ, ಸ್ವಂತ ದುಡ್ಡು ಕೊಟ್ಟು ಕೊಂಡವಳು, ಯಾರ ಹಂಗೂ ಇಲ್ಲದವಳು ಸಿಕ್ಕಳು ಅಂತಲೇ ಇಟ್ಟುಕೊಳ್ಳಿ. ಅವಳ ಮಾತೂ ನನಗೆ ಪೂರ್ತಿ ಸಾಲದು. ಎಷ್ಟು ದಿನ ಹಚ್ಚಿದಳು? ‘ಏಳು ದಿನದ ರಿಸಲ್ಟ್’ ಅನ್ನುತ್ತದೆ ವಿಡಿಯೋ. ಚರ್ಮದ ಮೇಲ್ಪದರ ಒಂದು ಸುತ್ತು ಹೊಸದಾಗಲಿಕ್ಕೇ ಸುಮಾರು ನಾಲ್ಕು ವಾರ ಬೇಕು. ಮೊಡವೆಗೆ ನಾವು ಔಷಧಿ ಕೊಟ್ಟರೂ ಎಂಟರಿಂದ ಹನ್ನೆರಡು ವಾರ ಕಾಯಿಸುತ್ತೇವೆ. ಕಪ್ಪು ಕಲೆ ಅದಕ್ಕಿಂತಲೂ ಸೋಮಾರಿ. ಏಳು ದಿನದಲ್ಲಿ ಕಾಣುವ ಹೊಳಪಿನಲ್ಲಿ ಬಹುಪಾಲು ತೇವ, ಉಳಿದಿದ್ದು ಲೈಟು.

ಏಳೇ ದಿನದಲ್ಲಿ ನಿಜವಾಗಿ ಪವಾಡ ತೋರಿಸುವ ಕ್ರೀಮುಗಳೂ ಇವೆ. ನನಗೆ ಭಯ ಅವುಗಳದ್ದೇ. ಸ್ಟೀರಾಯ್ಡ್ ಸೇರಿದ ಕ್ರೀಮ್ ಹಚ್ಚಿದರೆ ಎರಡು ವಾರಕ್ಕೆ ಮುಖ ಬೆಳ್ಳಗೆ, ನುಣ್ಣಗೆ ಆಗುತ್ತದೆ. ಆಗ ಮಾಡಿದ ವಿಡಿಯೋ ಅಪ್ಪಟ ಪ್ರಾಮಾಣಿಕ. ಮೂರು ನಾಲ್ಕು ತಿಂಗಳಾದ ಮೇಲೆ ಬಿಟ್ಟು ನೋಡಲಿ. ಮುಖವೆಲ್ಲ ಕೆಂಪು, ಗುಳ್ಳೆ, ಬೇಡದ ಕೂದಲು, ಬಿಸಿಲಿಗೆ ಹೋದರೆ ಬೆಂಕಿ. ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಇಂಥ ಹದಿನಾಲ್ಕು ಸ್ಟೀರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿದ್ದರೆ ಅವರಿಗೊಂದು ನಮಸ್ಕಾರ ಹೇಳಿ.

ಪಾದರಸದ ಕಥೆ ಇನ್ನೂ ಕೆಟ್ಟದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿಯ ಒಂದು ಅಪರೂಪದ ಕಾಯಿಲೆಯವರು ಒಬ್ಬರ ಹಿಂದೆ ಒಬ್ಬರು ಬಂದರು. ಡಾಕ್ಟರುಗಳು ಕೆದಕಿ ಕೇಳಿದಾಗ ಹಲವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದದ್ದು ತಿಳಿಯಿತು. ಕ್ರೀಮಿನಲ್ಲಿ ಪಾದರಸ ಇತ್ತು. ನಮ್ಮ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ಅಕಸ್ಮಾತ್ ಬೆರೆತರೂ ಹತ್ತು ಲಕ್ಷಕ್ಕೆ ಒಂದು ಪಾಲು ಮೀರುವಂತಿಲ್ಲ. ಕೇರಳ ಸರ್ಕಾರ ‘ಆಪರೇಷನ್ ಸೌಂದರ್ಯ’ ಅಂತ ಅಂಗಡಿಗಳ ಮೇಲೆ ದಾಳಿ ನಡೆಸಿತು. ಆ ಕ್ರೀಮನ್ನು ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲಿ ಎಷ್ಟೋ ಜನ ಒಂದು ಪೈಸೆ ತೆಗೆದುಕೊಂಡಿರಲಾರರು. ಅವರ ಮುಖ ನಿಜವಾಗಿಯೂ ಬೆಳ್ಳಗಾಗಿತ್ತು.

ನಮ್ಮ ಹುಡುಗಿಯ ಬಾಟಲಿಗಳಲ್ಲಿ ಅಂಥ ವಿಷ ಏನೂ ಕಾಣಲಿಲ್ಲ. ಲೇಬಲ್ ಓದಿದರೆ ಎಲ್ಲವೂ ಮರ್ಯಾದಸ್ಥ ಸಾಮಾನು. ಆದರೆ ಸತ್ತ ಚರ್ಮ ಕಳಚುವ ಎರಡು ಥರದ ಆಸಿಡ್, ಮೇಲೊಂದು ರೆಟಿನಾಲ್, ಎಲ್ಲವೂ ಒಂದೇ ವಾರದಲ್ಲಿ ಶುರು. ಉರಿ ಬಂದಾಗ ನಿಲ್ಲಿಸಬೇಕಿತ್ತು ಅಲ್ವಾ? ‘ಇದು ಪರ್ಜಿಂಗ್, ಒಳಗಿರೋದೆಲ್ಲ ಹೊರಗೆ ಬರ್ತಿದೆ, ಹೆದರಬೇಡಿ, ಮುಂದುವರಿಸಿ’ ಅಂತ ಅಕ್ಕ ಹೇಳಿದ್ದಳಂತೆ. ರೆಟಿನಾಲ್ ಶುರು ಮಾಡಿದಾಗ ಕೆಲವರಿಗೆ ಮೊಡವೆ ಸ್ವಲ್ಪ ಕೆರಳುವುದು ನಿಜ. ಆದರೆ ನೀರು ತಾಗಿದರೂ ಉರಿಯುವುದು, ಸಿಪ್ಪೆ ಏಳುವುದು ಪರ್ಜಿಂಗ್ ಅಲ್ಲ. ಚರ್ಮ ಸಾಕು ಅನ್ನುತ್ತಿದೆ ಅಷ್ಟೇ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಹೀಗೆ ಸುಟ್ಟ ಜಾಗ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಇನ್ನೊಬ್ಬರಿಗೆ ಇದೇ ಏಳೂ ಸರಿ ಹೋಗಿರಲೂಬಹುದು, ಅದನ್ನು ನೋಡದೆ ನಾನು ಹೇಳಲಾರೆ.

ಡಾಕ್ಟರುಗಳು ಮಾತ್ರ ಸಾಚಾನಾ ಅಂತ ನೀವು ಕೇಳಬಹುದು. ಕೇಳಿ. ಔಷಧಿ ಕಂಪನಿಗಳಿಂದ ಉಡುಗೊರೆ ತಗೊಳ್ಳಬಾರದು ಅಂತ 2009ರಲ್ಲಿ ನಮಗೂ ನಿಯಮ ಬಂತು. ಸುಮ್ನೆ ಬಂದಿದ್ದಲ್ಲ. ಅದಕ್ಕೂ ಮುಂಚೆ ನನ್ನ ಮೇಜಿನ ಮೇಲೆ ಒಂದು ಕಂಪನಿಯ ಹೆಸರಿದ್ದ ಪೆನ್ ಸ್ಟ್ಯಾಂಡ್ ಇತ್ತು. ಹೆಚ್ಚೆಂದರೆ ಎಂಬತ್ತು ರೂಪಾಯಿಯದ್ದು. ಅದು ಒಡೆದುಹೋದ ಮೇಲೆ ಒಂದು ದಿನ ನನ್ನ ಕಾಂಪೌಂಡರ್ ಕೇಳಿದ, ‘ಮೇಡಂ, ಆ ಲೋಷನ್ ಬರೆಯೋದು ಬಿಟ್ಬಿಟ್ರಾ?’ ಬಿಟ್ಟಿದ್ದು ನನಗೇ ಗೊತ್ತಿರಲಿಲ್ಲ.

ಹುಡುಗಿಗೆ ಏಳನ್ನೂ ನಿಲ್ಲಿಸಿ ಸಾದಾ ಕ್ಲೆನ್ಸರ್, ಮಾಯಿಶ್ಚರೈಸರ್ ಕೊಟ್ಟೆ. ಉರಿ ಇಳಿದ ಮೇಲೆ ಸೀಲ್ ಒಡೆಯದ ಆ ಸನ್‌ಸ್ಕ್ರೀನು. ಹೊಸದೇನೇ ತಂದರೂ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ವಾರ ಹಚ್ಚಿ ನೋಡು ಅಂದೆ. ‘ಮೂರು ಸಾವಿರ ಕೊಟ್ಟಿದೀವಿ ಮೇಡಂ, ಉಳಿದಿದ್ದನ್ನ ನಾನು ಹಿಮ್ಮಡಿಗೆ ಹಚ್ಕೊಳ್ಳಲಾ?’ ಅಂದರು ತಾಯಿ. ಒಡಕು ಇಲ್ಲದಿದ್ದರೆ ಆಸಿಡ್ ಬಾಟಲಿ ನಡೆದೀತು ಅಂದೆ.

ಆರು ವಾರ ಬಿಟ್ಟು ಬಂದರು. ಕೆನ್ನೆಯ ಕೆಂಪು ಹೋಗಿತ್ತು, ಮೂಗಿನ ಪಕ್ಕ ತೆಳ್ಳಗೆ ಕಪ್ಪು ಉಳಿದಿತ್ತು. ತಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ತೋರಿಸಿದರು, ಚೆನ್ನಾಗಿಯೇ ಇತ್ತು. ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದಳು, ‘ಮೇಡಂ, ನೀವು ಮುಖಕ್ಕೆ ಏನು ಹಚ್ತೀರಾ?’

ಖುಷಿಯಾಯಿತು. ಹೆಸರು ಹೇಳಿದೆ. ತುಂಬಾ ಚೆನ್ನಾಗಿದೆ, ಎರಡು ವರ್ಷದಿಂದ ಅದನ್ನೇ ಹಚ್ಚುತ್ತಿದ್ದೇನೆ ಅಂತಲೂ ಸೇರಿಸಿದೆ.

‘ದುಡ್ಡು ಕೊಟ್ಟು ತಗೊಂಡಿದ್ದಾ ಮೇಡಂ?’

ಡ್ರಾಯರ್ ಎಳೆದು ಟ್ಯೂಬ್ ತೆಗೆದು ನೋಡಿದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ವೈದ್ಯರ ಸ್ಯಾಂಪಲ್, ಮಾರಾಟಕ್ಕಲ್ಲ.