ಯಾರ ಬೈಕು, ಯಾರ ಮಾತು: ಸವಾರರ ವಿಮರ್ಶೆಯ ಮೇಲಿನ ನಂಬಿಕೆ ಸಡಿಲಗೊಂಡ ಬಗೆ

ಹೊಸ ಬೈಕಿನ ವಿಮರ್ಶೆಯ ವಿಡಿಯೋಗಳಲ್ಲಿ ಈಗ ಒಂದು ಮಾತು ಮಂಗಳಾಚರಣೆಯಂತೆ ಮೊದಲಿಗೇ ಕೇಳಿಬರುತ್ತದೆ: ‘ಈ ವಿಡಿಯೋ ಮಾಡಲು ಕಂಪನಿ ನಮಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ.’ ಬಹಳಷ್ಟು ಸಲ ಅದು ನಿಜವೇ ಇರುತ್ತದೆ. ಆದರೆ ವಿಜಯಪುರ, ಕಲಬುರಗಿ, ಬೆಳಗಾವಿಯ ಕಡೆಯಿಂದ ಪುಣೆಯ ಭೋಸರಿ, ಪಿಂಪ್ರಿ, ಚಾಕಣ್‌ಗಳ ಕಾರ್ಖಾನೆಗಳಿಗೆ ದುಡಿಯಲು ಬಂದು ನೆಲೆಸಿರುವ, ರಜೆ ಸಿಕ್ಕಾಗ ಬೈಕಿನಲ್ಲೇ ಸೋಲಾಪುರವನ್ನೋ ಕೊಲ್ಹಾಪುರ, ನಿಪ್ಪಾಣಿಯನ್ನೋ ದಾಟಿ ಊರಿಗೆ ಹೋಗಿಬರುವ ಕನ್ನಡಿಗರು ಲಕ್ಷಗಟ್ಟಲೆ ಬೆಲೆಯ ಬೈಕಿಗೆ ಸಾಲ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಆ ಮಾತು ಉತ್ತರವಲ್ಲ. ಹಣ ಬಂತೇ ಎನ್ನುವುದಕ್ಕಿಂತ ಬೈಕು ಎಲ್ಲಿಂದ ಬಂತು, ಎಷ್ಟು ಹೊತ್ತು ಕೈಯಲ್ಲಿತ್ತು, ಮುಂದಿನ ಬೈಕು ಕೈಗೆ ಸಿಗುವುದು ಯಾರ ಮರ್ಜಿಯನ್ನು ಅವಲಂಬಿಸಿದೆ ಎನ್ನುವ ಪ್ರಶ್ನೆಗಳೇ ಹೆಚ್ಚು ತೂಕದವು. ನಮ್ಮ ಕಾನೂನುಗಳು ಹಣದ ಪ್ರಶ್ನೆಯನ್ನು ತಕ್ಕಮಟ್ಟಿಗೆ ಹಿಡಿದಿವೆ. ಬೈಕಿನ ಪ್ರಶ್ನೆ ಇನ್ನೂ ಅವುಗಳ ಕೈಗೆ ಸಿಕ್ಕಿಲ್ಲ.

ಪುಣೆಯ ಆಕುರ್ಡಿಯಲ್ಲಿ ಬಜಾಜ್ ಚೇತಕ್ ತಯಾರಾಗುತ್ತಿದ್ದ ಕಾಲದಲ್ಲಿ ವಿಮರ್ಶೆಗೆ ಕೆಲಸವೇ ಇರಲಿಲ್ಲ. ಲೈಸೆನ್ಸ್ ರಾಜ್ಯದ ದಿನಗಳಲ್ಲಿ ಎಷ್ಟು ಗಾಡಿ ತಯಾರಿಸಬೇಕು ಎನ್ನುವುದನ್ನು ಸರ್ಕಾರವೇ ನಿಗದಿಪಡಿಸುತ್ತಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದವನಿಗೆ ಆ ಸ್ಕೂಟರ್ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರಾದರೂ ಬರೆದಿದ್ದರೂ ಅದರಿಂದ ಪ್ರಯೋಜನವಿರಲಿಲ್ಲ, ಏಕೆಂದರೆ ಆರಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ರಾಜದೂತ್ ಬೈಕಿನ ಜಾಹೀರಾತಿನಲ್ಲಿ ನಟ ಧರ್ಮೇಂದ್ರ ಕಾಣಿಸಿಕೊಂಡಾಗ ಅದು ಜಾಹೀರಾತು ಎಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು, 1991ರ ನಂತರ ಮಾರುಕಟ್ಟೆ ತೆರೆದುಕೊಂಡು, 2001ರಲ್ಲಿ ಪಲ್ಸರ್ ರಸ್ತೆಗಿಳಿಯುವ ಹೊತ್ತಿಗೆ ಪರಿಸ್ಥಿತಿ ಪೂರ್ತಿ ಬದಲಾಗಿತ್ತು. ಒಂದೇ ಬೆಲೆಗೆ ನಾಲ್ಕು ಬೈಕುಗಳು ಎದುರಿಗೆ ನಿಂತಾಗ ಯಾವುದು ಒಳ್ಳೆಯದು ಎಂದು ಹೇಳುವವರು ಬೇಕಾದರು.

ಆ ಜಾಗವನ್ನು ಮೊದಲು ತುಂಬಿದ್ದು ನಿಯತಕಾಲಿಕಗಳು. ಮುಂಬೈಯಿಂದ 1998ರಲ್ಲಿ ಓವರ್‌ಡ್ರೈವ್, 1999ರಲ್ಲಿ ಆಟೋಕಾರ್ ಇಂಡಿಯಾ ಹೊರಬಂದವು. ಇಂಥ ಪತ್ರಿಕೆಗಳು ಪರೀಕ್ಷೆಗೆ ಬೇಕಾದ ಬೈಕುಗಳನ್ನು ಕಂಪನಿಗಳಿಂದಲೇ ಕೆಲವು ದಿನಗಳ ಮಟ್ಟಿಗೆ ಪಡೆಯುತ್ತಿದ್ದವು. ಅದೇ ಕಂಪನಿಗಳ ಜಾಹೀರಾತುಗಳು ಅದೇ ಸಂಚಿಕೆಯ ಪುಟಗಳಲ್ಲಿ ಬರುತ್ತಿದ್ದವು. ಅಂದರೆ ಹಿತಾಸಕ್ತಿಯ ಗಂಟು ಯೂಟ್ಯೂಬಿನ ಕಾಲದ್ದಲ್ಲ, ಮುದ್ರಣದ ಕಾಲದಿಂದಲೇ ಇದೆ. ಆದರೂ ಪತ್ರಿಕೆಗೆ ಎರಡು ಆಸರೆಗಳಿದ್ದವು. ಜಾಹೀರಾತು ತರುವವನೂ ಬೈಕು ಓಡಿಸಿ ಬರೆಯುವವನೂ ಬೇರೆ ಬೇರೆಯಾಗಿರುತ್ತಿದ್ದದ್ದು ಒಂದು. ಮಾತಿನ ಜೊತೆಗೆ ಅಳತೆಯೂ ಇರುತ್ತಿದ್ದದ್ದು ಇನ್ನೊಂದು: ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟಲು ಹಿಡಿದ ಸೆಕೆಂಡುಗಳು, ಬ್ರೇಕ್ ಹಿಡಿದ ಮೇಲೆ ಬೈಕು ಸಾಗಿದ ದೂರ, ಊರೊಳಗೂ ಹೆದ್ದಾರಿಯಲ್ಲೂ ಕೊಟ್ಟ ಮೈಲೇಜು. ಪುಣೆಯ ವೇತಾಳ ಗುಡ್ಡದ ಬದಿಯಲ್ಲಿರುವ, 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸುವ ಮೈಲೇಜು ಪ್ರಯೋಗಾಲಯದಲ್ಲಿ ನಿಗದಿತ ಕ್ರಮದಲ್ಲಿ ಓಡಿಸಿ ಅಳೆದದ್ದು. ರಸ್ತೆಯಲ್ಲಿ ಅಷ್ಟು ಸಿಗುವುದಿಲ್ಲ ಎಂದು ಓದುಗನಿಗೆ ಅಂಕಿಯ ಸಮೇತ ತೋರಿಸಿಕೊಟ್ಟದ್ದು ಈ ಪತ್ರಿಕೆಗಳ ದೊಡ್ಡ ಉಪಕಾರ. ಅಳತೆಯನ್ನು ತಿರುಚುವುದು ಹೊಗಳಿಕೆಯನ್ನು ತಿರುಚುವಷ್ಟು ಸುಲಭವಲ್ಲ.

ಪ್ರಾಯೋಜಿತ ಸವಾರನ ಕಥೆ ಇದಕ್ಕೆ ಸಮಾನಾಂತರವಾಗಿ, ರೇಸು ಮತ್ತು ರ್‍ಯಾಲಿಗಳ ಕಡೆಯಿಂದ ಬೆಳೆದು ಬಂತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು; ಮುಂದೆ ಅವರು ಹೀರೋ ಕಂಪನಿಯ ರ್‍ಯಾಲಿ ತಂಡಕ್ಕಾಗಿ ಸವಾರಿ ಮಾಡಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಟಿವಿಎಸ್ ತಂಡದ ಸವಾರರಾಗಿದ್ದು, 2019ರಲ್ಲಿ ಎಫ್‌ಐಎಂ ಬಾಹಾಸ್ ಎಂಬ ಕಚ್ಚಾದಾರಿಯ ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಇಂಥ ಸವಾರರು ತಮ್ಮ ತಂಡದ ಬೈಕನ್ನು ಹೊಗಳಿದರೆ ಯಾರೂ ಮೋಸಹೋಗುವುದಿಲ್ಲ, ಏಕೆಂದರೆ ಅವರು ತೊಡುವ ಜರ್ಸಿಯ ಎದೆಯ ಮೇಲೆಯೇ ಕಂಪನಿಯ ಹೆಸರಿರುತ್ತದೆ. ಅವರು ಓಡಿಸುವ ಯಂತ್ರವೂ ಶೋರೂಮಿನದ್ದಲ್ಲ: ಸಸ್ಪೆನ್ಷನ್ ಅವರ ತೂಕಕ್ಕೆ ಹೊಂದಿಸಿದ್ದು, ಹಿಂದೆ ಮೆಕ್ಯಾನಿಕ್‌ಗಳ ತಂಡವೇ ಇರುವಂಥದ್ದು. ಪ್ರಾಯೋಜಕತ್ವ ಅಲ್ಲಿ ತೆರೆದಿಟ್ಟ ಸಂಗತಿ. ತೊಡಕು ಹುಟ್ಟಿದ್ದು ಜರ್ಸಿ ಕಳಚಿ, ನಮ್ಮಂಥದ್ದೇ ಜಾಕೆಟ್ ತೊಟ್ಟು, ನಮ್ಮ ಹಾಗೆಯೇ ತಾಮ್ಹಿಣಿ ಘಾಟ್ ಹತ್ತುವ ಗೆಳೆಯನ ದನಿಯಲ್ಲಿ ಸವಾರ ಮಾತನಾಡಲು ಶುರುಮಾಡಿದಾಗ.

ಅಗ್ಗದ ಇಂಟರ್‌ನೆಟ್ ಮತ್ತು ಹೆಲ್ಮೆಟ್ಟಿಗೆ ಅಂಟಿಸುವ ಕ್ಯಾಮೆರಾ ಎರಡೂ ಸೇರಿ ಇದನ್ನು ಸಾಧ್ಯವಾಗಿಸಿದವು. ಇದೇ ಕಾಲದಲ್ಲಿ ಲಡಾಖ್, ಸ್ಪಿತಿಗಳ ಕನಸು ಹೊತ್ತ ಬೈಕುಗಳೂ ಬಂದವು: 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್. ಕಾಲೇಜಿಗೆ ಹೋಗಿಬರುವ ಬೈಕನ್ನು ಶೋರೂಮಿನ ಮುಂದೆ ಒಂದು ಸುತ್ತು ಹೊಡೆದು ನೋಡಿ ಕೊಳ್ಳಬಹುದು. ಆದರೆ ಪರ್ವತಕ್ಕೆಂದೇ ಮಾಡಿದ ಬೈಕನ್ನು ಬಾಣೇರಿನ ಸರ್ವಿಸ್ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಏನು ತಿಳಿದೀತು? ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸಿಗೆ ಇಳಿಯುವ ಖಾರ್ದುಂಗ್ ಲಾದಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಲಗೇಜು ಕಟ್ಟಿದಾಗ ಎಂಜಿನ್ ಹೇಗೆ ಎಳೆಯುತ್ತದೆ ಎನ್ನುವುದನ್ನು ಅಲ್ಲಿ ಓಡಿಸಿದವನೇ ಹೇಳಬೇಕು. ಕೊಳ್ಳುವವನು ತಾನೇ ಪರೀಕ್ಷಿಸಲಾಗದ ಸರಕಿನಲ್ಲಿ ಪರೀಕ್ಷಿಸಿದವನ ಮಾತಿಗೆ ಬೆಲೆ ಏರುತ್ತದೆ. ಆ ಮಾತನ್ನು ತಮ್ಮ ಕಡೆಗೆ ವಾಲಿಸಿಕೊಳ್ಳುವ ಆಸೆಯೂ ತಯಾರಕರಿಗೆ ಏರುತ್ತದೆ.

ಇದನ್ನು ಅತ್ಯಂತ ನಿಚ್ಚಳವಾಗಿ ಕಾಣಬಹುದಾದದ್ದು ಭಾರತದಲ್ಲಲ್ಲ, ಉತ್ತರ ಅಮೆರಿಕದ ಪರ್ವತ ಸ್ನೋಮೊಬೈಲ್ ಮಾರುಕಟ್ಟೆಯಲ್ಲಿ. ಗುಲ್ಮಾರ್ಗಿಗೆ ಹೋದ ಪುಣೆ, ಮುಂಬೈಯವರು ಬಾಡಿಗೆಗೆ ಹತ್ತಿ ಒಂದು ಸುತ್ತು ಹಾಕಿಬರುವ ಹಿಮವಾಹನಗಳ ದೊಡ್ಡಣ್ಣಂದಿರು ಅವು. ಅಲ್ಲಿ ಮುಂದಿನ ಚಳಿಗಾಲದ ಮಾದರಿಗಳನ್ನು ವಸಂತದಲ್ಲೇ ಮುಂಗಡ ಕೊಟ್ಟು ಕಾದಿರಿಸುವ ಪದ್ಧತಿ ಇದೆ; ಕೆಲವು ಮಾದರಿಗಳು ಆ ಅವಧಿಯಲ್ಲಿ ಕಾದಿರಿಸಿದವರಿಗೆ ಮಾತ್ರ ಸಿಗುತ್ತವೆ. ಕಾದಿರಿಸುವ ಹೊತ್ತಿಗೆ ಆ ಯಂತ್ರವನ್ನು ಹಿಮದ ಮೇಲೆ ಓಡಿಸಿದವರು ಹೆಚ್ಚಾಗಿ ಕಂಪನಿಯ ಎಂಜಿನಿಯರುಗಳು, ಆಹ್ವಾನಿತ ಪತ್ರಕರ್ತರು ಮತ್ತು ಕಂಪನಿಯ ಪ್ರಾಯೋಜಿತ ಸವಾರರು. ತಯಾರಕರೂ ಬೆರಳೆಣಿಕೆಯಷ್ಟು: ಸ್ಕೀ-ಡೂ, ಪೊಲಾರಿಸ್, ಆರ್ಕ್ಟಿಕ್ ಕ್ಯಾಟ್. ಯಮಹಾ ಈ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2023ರಲ್ಲಿ ಘೋಷಿಸಿತು. ತಯಾರಕರು ಕಡಿಮೆಯಾದಷ್ಟೂ ಒಬ್ಬರ ಮುನಿಸು ವಿಮರ್ಶಕನಿಗೆ ದುಬಾರಿಯಾಗುತ್ತದೆ. ಕಡಿದಾದ ಇಳುಕಲಿನಲ್ಲಿ ಸೊಂಟದಷ್ಟು ಹಿಮದ ನಡುವೆ ಯಂತ್ರವನ್ನು ಓರೆಯಾಗಿಸಿ ಸಾಗುವ ನುರಿತ ಸವಾರನ ಕೌಶಲವನ್ನೂ ಯಂತ್ರದ ಗುಣವನ್ನೂ ನೋಡುಗ ಬೇರ್ಪಡಿಸಲಾರ. ಅವನ ಕೈಗೆ ಯಾವ ಯಂತ್ರ ಕೊಟ್ಟರೂ ಅದು ಹಕ್ಕಿಯಂತೆಯೇ ಹಾರೀತು. ಹೀಗಾಗಿ ಅಲ್ಲಿಯ ಹಳೆಯ ಸವಾರರು ಪ್ರಾಯೋಜಿತರ ಮಾತನ್ನು ಕೇಳುವಾಗ ಅವರು ಏನನ್ನು ಹೊಗಳಿದರು ಎನ್ನುವುದಕ್ಕಿಂತ, ಹಿಂದಿನ ವರ್ಷದ ಮಾದರಿಯ ಯಾವ ದೋಷ ಈಗ ‘ಸರಿಯಾಗಿದೆ’ ಎನ್ನುತ್ತಾರೆ ಎನ್ನುವುದಕ್ಕೆ ಕಿವಿಗೊಡುವುದುಂಟು. ಆ ದೋಷ ಇತ್ತೆಂದು ಹಿಂದಿನ ವರ್ಷ ಅವರು ಹೇಳಿರುವುದು ಅಪರೂಪ.

ನಮ್ಮಲ್ಲಿ ಈ ಪಾತ್ರವನ್ನು ವಹಿಸುವುದು ಮೀಡಿಯಾ ರೈಡ್. ಪಶ್ಚಿಮ ಭಾರತದಲ್ಲಿ ಇದರ ರಂಗಸ್ಥಳವಾಗಿ ಬೆಳೆದದ್ದು ಗೋವಾ. ವಾಗಾತೋರ್‌ನಲ್ಲಿ 2013ರಲ್ಲಿ ಇಂಡಿಯಾ ಬೈಕ್ ವೀಕ್ ಎಂಬ ಸವಾರರ ಜಾತ್ರೆ ಶುರುವಾಯಿತು, ರಾಯಲ್ ಎನ್‌ಫೀಲ್ಡ್ ತನ್ನ ಹೊಸ ಹಿಮಾಲಯನ್ ಬೈಕಿನ ಬೆಲೆಯನ್ನು 2023ರ ನವೆಂಬರಿನಲ್ಲಿ ಪ್ರಕಟಿಸಿದ್ದೂ ಅಲ್ಲಿಯೇ ನಡೆದ ತನ್ನ ಮೋಟೋವರ್ಸ್ ಜಾತ್ರೆಯಲ್ಲಿ. ಸಾಮಾನ್ಯವಾಗಿ ಮೀಡಿಯಾ ರೈಡ್ ನಡೆಯುವ ರೀತಿ ಹೀಗೆ: ರೆಸಾರ್ಟಿನ ಅಂಗಳದಲ್ಲಿ ಬೈಕುಗಳು ಸಾಲಾಗಿ ನಿಂತಿರುತ್ತವೆ, ಟೈರಿನ ಗಾಳಿ ನೋಡಿರುತ್ತದೆ, ಚೈನಿಗೆ ಲ್ಯೂಬ್ ಹೊಡೆದಿರುತ್ತದೆ, ಟ್ಯಾಂಕ್ ಭರ್ತಿಯಾಗಿರುತ್ತದೆ. ಬಿದ್ದು ಮುರಿದರೆ ಇರಲಿ ಎಂದು ಬಿಡಿ ಕ್ಲಚ್ ಲಿವರುಗಳನ್ನು ಹಿಡಿದು ಮೆಕ್ಯಾನಿಕ್ ಬೆಂಗಾವಲು ಗಾಡಿಯಲ್ಲಿ ಬರುತ್ತಾನೆ. ಮುಂದೆ ಹೋಗುವ ಸವಾರ ದಾರಿಯನ್ನೂ ವೇಗವನ್ನೂ ನಿರ್ಧರಿಸುತ್ತಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ರೀಕರಣ ಮುಗಿಯಬೇಕು. ವಿಡಿಯೋವನ್ನು ಇಂಥ ದಿನ, ಇಂಥ ಗಂಟೆಗೆ ಮೊದಲು ಹಾಕುವಂತಿಲ್ಲ ಎಂಬ ಷರತ್ತು ಇರುವುದರಿಂದ ಅದು ತೆರವಾದ ನಿಮಿಷಕ್ಕೇ ಹತ್ತಾರು ವಿಡಿಯೋಗಳು ಒಟ್ಟಿಗೆ ಬಂದುಬೀಳುತ್ತವೆ. ಮೊದಲ ದಿನ ಸಿಗುವಷ್ಟು ವೀಕ್ಷಕರು ಹತ್ತನೆಯ ದಿನ ಸಿಗುವುದಿಲ್ಲವಾದ್ದರಿಂದ, ಆಹ್ವಾನವಿಲ್ಲದವನು ಬೈಕು ಕೊಂಡು ತಂದು ತಿಂಗಳ ಮೇಲೆ ಮಾಡುವ ವಿಡಿಯೋಗೆ ಆ ಹೊತ್ತಿಗಾಗಲೇ ಮಾರುಕಟ್ಟೆ ಮುಗಿದಿರುತ್ತದೆ. ಇಲ್ಲಿ ಯಾರೂ ಯಾರಿಗೂ ಲಂಚ ಕೊಟ್ಟಿಲ್ಲ, ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವ ಸಂಕೋಚ ಸಾಕು. ‘ಸೀಟು ಗಟ್ಟಿ’ ಎನ್ನುವ ಕಡೆ ‘ಸೀಟು ಸ್ವಲ್ಪ ಸ್ಪೋರ್ಟಿ’ ಎಂದರೆ ಆಯಿತು.

ಕಾನೂನು ಈ ಕಡೆಗೆ ತಡವಾಗಿ ಕಣ್ಣು ಹಾಯಿಸಿತು. ಅಮೆರಿಕದ ವಾಣಿಜ್ಯ ಆಯೋಗ ಎಫ್‌ಟಿಸಿ ಶಿಫಾರಸು ಮಾಡುವವರಿಗಾಗಿ 1980ರಲ್ಲೇ ಮಾರ್ಗಸೂಚಿ ಮಾಡಿ, 2009ರಲ್ಲಿ ಅದನ್ನು ಅಂತರ್ಜಾಲದ ಬರಹಗಾರರಿಗೂ ವಿಸ್ತರಿಸಿತ್ತು. ನಮ್ಮಲ್ಲಿ 1985ರಲ್ಲಿ ಹುಟ್ಟಿದ, ಮುಂಬೈಯಲ್ಲಿ ಕಚೇರಿಯಿರುವ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ, ಸಾಮಾಜಿಕ ಜಾಲತಾಣಗಳ ಪ್ರಭಾವಿಗಳ ಕುರಿತ ಮಾರ್ಗಸೂಚಿಯನ್ನು 2021ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದರ ಪ್ರಕಾರ ಹಣ ಮಾತ್ರವಲ್ಲ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ ಇವೆಲ್ಲವೂ ಹೇಳಿಕೊಳ್ಳಬೇಕಾದ ನಂಟುಗಳೇ. ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋದಲ್ಲಿ ಆ ಉತ್ಪನ್ನದ ಬಗ್ಗೆ ಮಾತನಾಡುವಷ್ಟು ಹೊತ್ತೂ ಜಾಹೀರಾತೆಂಬ ಗುರುತು ಪರದೆಯ ಮೇಲಿರಬೇಕು. ಆದರೆ ಎಎಸ್‌ಸಿಐ ಉದ್ಯಮವೇ ಕಟ್ಟಿಕೊಂಡ ಸ್ವಯಂ ನಿಯಂತ್ರಣದ ಸಂಸ್ಥೆ; ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರವಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ಅದು ದಂಡ ವಿಧಿಸಬಹುದು. ಶಿಫಾರಸು ಮಾಡಿದವರನ್ನು ಮೊದಲ ಸಲ ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಶಿಫಾರಸು ಮಾಡದಂತೆ ತಡೆಯಬಹುದು.

2022ರ ಜೂನಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಒಂದು ಮಾತಿದೆ: ಶಿಫಾರಸಿನ ವಿಶ್ವಾಸಾರ್ಹತೆಯ ಮೇಲೆ ಪರಿಣಾಮ ಬೀರಬಲ್ಲ, ಆದರೆ ನೋಡುಗನು ಸಹಜವಾಗಿ ಊಹಿಸಲಾರದ ನಂಟನ್ನು ತಿಳಿಸಲೇಬೇಕು. ಜರ್ಸಿ ತೊಟ್ಟ ರ್‍ಯಾಲಿ ಸವಾರನಿಗೂ ಗೆಳೆಯನಂತೆ ಮಾತನಾಡುವ ವಿಡಿಯೋಕಾರನಿಗೂ ಇರುವ ವ್ಯತ್ಯಾಸವನ್ನು ಕಾನೂನು ಇಲ್ಲಿ ಸರಿಯಾಗಿಯೇ ಗುರುತಿಸಿದೆ. 2023ರ ಜನವರಿಯ ಸೂಚನೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಫಾರಸು ಯಾವ ಭಾಷೆಯಲ್ಲಿದೆಯೋ ನಂಟನ್ನು ತಿಳಿಸುವ ಮಾತೂ ಅದೇ ಭಾಷೆಯಲ್ಲಿರಬೇಕು ಎಂದವು. ಪುಣೆಯಲ್ಲಿ ಕೂತು ಕನ್ನಡದಲ್ಲಿ ವಿಡಿಯೋ ಮಾಡಿ, ಜಾಹೀರಾತೆಂಬುದನ್ನು ಮಾತ್ರ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕುವವರಿಗೆ ಇದು ಅನ್ವಯಿಸುತ್ತದೆ. ಊರಲ್ಲಿ ಕೂತು ಆ ವಿಡಿಯೋ ನೋಡಿ ಮಗನಿಗೆ ಯಾವ ಬೈಕು ಕೊಡಿಸಲಿ ಎಂದು ಯೋಚಿಸುವ ತಂದೆಗೆ ಆ ಅಕ್ಷರಗಳಿಂದ ಏನೂ ತಿಳಿಯುವುದಿಲ್ಲ.

ಜಾಹೀರಾತೆಂಬ ಗುರುತು ಹಾಕಿದರೂ ತಿಳಿಯದ ಸಂಗತಿಗಳು ಮಾತ್ರ ಹಾಗೆಯೇ ಉಳಿದಿವೆ. ನಾಲ್ಕು ದಿನಕ್ಕೆಂದು ಕೊಟ್ಟು ವಾಪಸು ಪಡೆಯುವ ಬೈಕು ಉಡುಗೊರೆಯಲ್ಲ. ಹಾಗೆಂದು ಅದು ಋಣವಲ್ಲ ಎನ್ನಲೂ ಬಾರದು. ಕಟುವಾಗಿ ಮಾತನಾಡಿದವನಿಗೆ ಮುಂದಿನ ಆಹ್ವಾನ ಬಾರದಿದ್ದರೆ ಅದು ಯಾವ ದಾಖಲೆಯಲ್ಲೂ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ‘ಹಣ ಪಡೆದಿಲ್ಲ’ ಎನ್ನುವ ಒಂದು ಸಾಲಿನ ಬದಲು, ಬೈಕನ್ನು ಯಾರು ಕೊಟ್ಟರು, ಎಷ್ಟು ಕಿಲೋಮೀಟರ್ ಓಡಿಸಿದ್ದು, ಪೆಟ್ರೋಲು ಯಾರದು, ದಾರಿ ಆರಿಸಿದವರು ಯಾರು ಎನ್ನುವ ನಾಲ್ಕು ಸಾಲುಗಳು ನೋಡುಗನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅವನ್ನು ಹೇಳಲು ಯಾವ ಕಾನೂನಿನ ಒತ್ತಾಯವೂ ಬೇಕಿಲ್ಲ.

ಸ್ವಂತ ಹಣದಲ್ಲಿ ಕೊಂಡವನ ಮಾತೇ ಶುದ್ಧ ಎಂದು ನಂಬುವವರೂ ಇದ್ದಾರೆ, ಆದರೆ ಅದನ್ನೂ ಪೂರ್ತಿ ಒಪ್ಪುವುದು ಕಷ್ಟ. ಐದು ವರ್ಷದ ಇಎಂಐ ಹೊತ್ತವನಿಗೆ ತಾನು ಆರಿಸಿದ್ದು ತಪ್ಪೆಂದು ಒಪ್ಪಿಕೊಳ್ಳುವುದು ಸುಲಭವಲ್ಲ, ಮಾರುವ ಯೋಚನೆಯಿದ್ದರಂತೂ ಇನ್ನೂ ಕಷ್ಟ. ಪಿಂಪ್ರಿ-ಚಿಂಚವಡದ ಕನ್ನಡಿಗ ಸವಾರರಲ್ಲಿ ತಿಳಿದವರು ಹೋಗುವುದು ಯಾವ ಕಂಪನಿಗೂ ಸೇರದ ಗ್ಯಾರೇಜಿಗೆ. ಯಾವ ಮಾದರಿಯ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಬೇಗ ಸವೆಯುತ್ತದೆ, ಯಾವುದರ ಕ್ಲಚ್ ಪ್ಲೇಟ್ ಎಷ್ಟು ಸಾವಿರಕ್ಕೆ ಕೈಕೊಡುತ್ತದೆ, ಯಾವ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು, ಮಳೆಗಾಲದಲ್ಲಿ ಚೋರ್ಲಾ ಘಾಟ್ ಇಳಿದು ಬಂದ ಬೈಕುಗಳಲ್ಲಿ ಯಾವುದರ ಬ್ರೇಕ್ ಪ್ಯಾಡ್ ಮುಗಿದಿರುತ್ತದೆ ಎನ್ನುವುದು ಅಲ್ಲಿಯ ಮೆಕ್ಯಾನಿಕ್‌ಗೆ ಬಾಯಿಪಾಠ. ಆ ತಿಳಿವಳಿಕೆಗಿರುವ ಒಂದೇ ಕೊರತೆ ಕಾಲದ್ದು. ಅದು ಸಿಗುವುದು ಮಾದರಿ ರಸ್ತೆಗಿಳಿದು ಒಂದೆರಡು ಮಳೆಗಾಲ ಕಳೆದ ಮೇಲೆ. ಶೋರೂಮಿನಲ್ಲಿ ಕಾದಿರಿಸುವಿಕೆ ಶುರುವಾಗುವುದು ಬೆಲೆ ಪ್ರಕಟವಾದ ಸಂಜೆಯೇ. ಆ ಸಂಜೆ ಬೈಕಿನ ಬಗ್ಗೆ ಮಾತನಾಡಬಲ್ಲವರು ಅದನ್ನು ಕಂಪನಿಯ ಕೈಯಿಂದ ಪಡೆದು ಓಡಿಸಿದವರು ಮಾತ್ರ.