ಬ್ಯಾಂಕು ಯಾರ ಕೈಯಲ್ಲಿ?

ಲಾಸ್ ಏಂಜಲೀಸ್ ಆಸುಪಾಸಿನ ಒಂದು ಕಾರ್ಡ್ ರೂಮಿನಲ್ಲಿ, ಅಂದರೆ ಖಾಸಗಿ ಇಸ್ಪೀಟು ಕ್ಲಬ್ಬಿನಲ್ಲಿ, ವಕೀಲಿ ಕೆಲಸದ ಮೇಲೆ, ಒಂದು ಸಂಜೆಯಿಡೀ ಒಂದೇ ಟೇಬಲ್ ನೋಡುತ್ತ ನಿಂತಿದ್ದೆ. ಆಟ ಬ್ಲಾಕ್‌ಜಾಕ್‌ನ ತಮ್ಮನಂಥದ್ದು. ಎಲೆ ಹಂಚುವವನು ಕ್ಲಬ್ಬಿನ ನೌಕರ. ಎರಡು ಆಟಕ್ಕೊಮ್ಮೆ ಅವನು ಆಟಗಾರರ ಕಡೆ ಕೈ ಚಾಚಿ, ಬ್ಯಾಂಕು ಬೇಕಾ ಎಂದು ಕೇಳುತ್ತಿದ್ದ. ಯಾರೂ ತಲೆ ಎತ್ತುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಚಿಪ್ಪುಗಳ ಟ್ರೇ ಇಟ್ಟುಕೊಂಡು, ಬ್ಯಾಡ್ಜು ತಗುಲಿಸಿಕೊಂಡು ಕೂತಿದ್ದ ಹುಡುಗಿಯೇ ಸೋತವರ ಚಿಪ್ಪು ಎಳೆದುಕೊಳ್ಳುತ್ತಿದ್ದಳು, ಗೆದ್ದವರಿಗೆ ಎಣಿಸಿ ಕೊಡುತ್ತಿದ್ದಳು. ಅವಳು ಕ್ಲಬ್ಬಿನವಳಲ್ಲ. ಬೇರೊಂದು ಕಂಪನಿಯ ಸಂಬಳದವಳು.

ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೂ ಕಾರ್ಡ್ ರೂಮುಗಳಿಗೂ ನಡೆಯುತ್ತಿರುವ ವ್ಯಾಜ್ಯವೆಲ್ಲ ಆ ಕುರ್ಚಿಯದ್ದೇ.

ನಮ್ಮ ಊರುಗಳ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ರಮ್ಮಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕ್ಲಬ್ಬು ಟೇಬಲ್ ಚಾರ್ಜು ತೆಗೆದುಕೊಳ್ಳುತ್ತದೆ. ದುಡ್ಡು ಓಡಾಡುವುದು ಆಟಗಾರರ ನಡುವೆ ಮಾತ್ರ. ಜಾತ್ರೆಯಲ್ಲಿ ಬಟ್ಟೆ ಹಾಸಿ ಕೂತವನ ಲೆಕ್ಕ ಬೇರೆ. ಎಲ್ಲರ ಬಾಜಿಗೂ ಅವನೊಬ್ಬನೇ ಎದುರಾಳಿ, ಬ್ಯಾಂಕು ಅವನದ್ದು. ಕ್ಯಾಲಿಫೋರ್ನಿಯಾದ ಖಾಸಗಿ ಕಾರ್ಡ್ ರೂಮುಗಳಿಗೆ ಮೊದಲನೆಯದಕ್ಕೆ ಅನುಮತಿ ಇದೆ, ಎರಡನೆಯದಕ್ಕೆ ಇಲ್ಲ. ಬ್ಯಾಂಕು ಹಿಡಿಯುವ ಇಸ್ಪೀಟಾಟ, ಸ್ಲಾಟ್ ಯಂತ್ರ ಎರಡನ್ನೂ ಮತದಾರರು 2000ದಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ, ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳ ನೆಲಕ್ಕೆ ಬಿಟ್ಟುಕೊಟ್ಟರು. ಮೂರನೆಯವರ ಕೈಯಲ್ಲಿ ಬ್ಯಾಂಕು ಕೊಟ್ಟು ಕಾರ್ಡ್ ರೂಮುಗಳು ಆ ಬೇಲಿ ಹಾರಿವೆ ಎಂಬುದು ಬುಡಕಟ್ಟುಗಳ ದೂರು. ಸರದಿ ಎಲ್ಲರಿಗೂ ಕೊಡುತ್ತೇವಲ್ಲ, ಬೇಡ ಅನ್ನುವವರು ಅವರೇ ಎಂಬುದು ಕಾರ್ಡ್ ರೂಮುಗಳ ಉತ್ತರ.

ಕನ್ನಡ ಕೂಟದ ಊಟದ ಸಾಲಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಇದಕ್ಕಿಂತ ಸರಳ. "ಅವರಿಗೆ ಮಾತ್ರ ಯಾಕೆ ಸಾರ್? ಇಲ್ಲೂ ರಿಸರ್ವೇಷನ್ನಾ?" ಪದವೂ ಹಾಗೇ ದಾರಿ ತಪ್ಪಿಸುತ್ತದೆ, ಇಲ್ಲಿ ಬುಡಕಟ್ಟಿನ ನೆಲಕ್ಕೇ ರಿಸರ್ವೇಷನ್ ಎನ್ನುತ್ತಾರೆ. ಆದರೆ ಇದು ಮೀಸಲಾತಿಯ ವಿಷಯ ಅಲ್ಲ. ಪಣಜಿಯ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು ನಿಂತಿವೆ, ಕಾರವಾರದಲ್ಲಿ ಇಲ್ಲ. ಅದನ್ನು ಗೋವಾದವರಿಗೆ ಸಿಕ್ಕ ಮೀಸಲಾತಿ ಎಂದು ಯಾರೂ ಕರೆಯುವುದಿಲ್ಲ. ಅಲ್ಲಿನ ಸರ್ಕಾರ ಅಲ್ಲಿಗೆ ಮಾಡಿಕೊಂಡ ಕಾನೂನು, ಅಷ್ಟೇ. ಅಮೆರಿಕದ ಕಾನೂನಿನ ಕಣ್ಣಿಗೆ ಬುಡಕಟ್ಟೂ ಒಂದು ಸರ್ಕಾರ. ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಅಧಿಕಾರಕ್ಕೆ ಒಳಪಟ್ಟದ್ದು ನಿಜ, ಆದರೆ ರಾಜ್ಯದ ಕೈಕೆಳಗಿನದ್ದಲ್ಲ.

ಈ ಮಾತು ಜೂಜಿನವರೆಗೆ ಬಂದದ್ದು ಒಂದು ತೆರಿಗೆ ನೋಟಿಸಿನಿಂದ. 1972ರಲ್ಲಿ ಮಿನೆಸೋಟದ ಲೀಚ್ ಲೇಕ್ ರಿಸರ್ವೇಷನ್ನಿನಲ್ಲಿ ಹೆಲೆನ್ ಮತ್ತು ರಸೆಲ್ ಬ್ರಯಾನ್ ದಂಪತಿಯ ಟ್ರೇಲರ್ ಮನೆಗೆ ಕೌಂಟಿಯವರು ತೆರಿಗೆ ಹಾಕಿದರು. ಒಟ್ಟು 147 ಡಾಲರ್ 95 ಸೆಂಟ್. ಆ ಚಿಲ್ಲರೆ ಮೊತ್ತ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಿಸರ್ವೇಷನ್ನಿನಲ್ಲಿ ನಡೆದ ಅಪರಾಧವನ್ನು ವಿಚಾರಿಸುವ ಅಧಿಕಾರವನ್ನು ಕಾಂಗ್ರೆಸ್ಸು 1953ರಲ್ಲಿ ಕೆಲವು ರಾಜ್ಯಗಳಿಗೆ ಕೊಟ್ಟಿದೆ, ತೆರಿಗೆ ಹಾಕುವ, ನಿಯಮ ಹೇರುವ ಅಧಿಕಾರ ಕೊಟ್ಟಿಲ್ಲ ಎಂದು 1976ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ತೀರ್ಪಿನ ಬೆನ್ನೇರಿ, ನಮ್ಮ ಹೌಸಿಯಂಥ ಆಟ ಬಿಂಗೋ ಬಂತು. ಪಾಮ್ ಸ್ಪ್ರಿಂಗ್ಸ್ ಕಡೆಯ ಮರಳುಗಾಡಿನ ಕಬಜಾನ್ ಮತ್ತು ಮೊರಾಂಗೊ ಬುಡಕಟ್ಟುಗಳ ಆಟ ನಿಲ್ಲಿಸಲು ಹೊರಟ ಕ್ಯಾಲಿಫೋರ್ನಿಯಾಕ್ಕೆ 1987ರಲ್ಲಿ ಅದೇ ಕೋರ್ಟು ಕೇಳಿದ್ದರ ತಿರುಳು ಇಷ್ಟು: ನೀವೇ ಲಾಟರಿ ಮಾರುತ್ತೀರಿ, ದತ್ತಿ ಸಂಸ್ಥೆಗಳಿಗೆ ಬಿಂಗೋ ಬಿಟ್ಟಿದ್ದೀರಿ, ಹಾಗಿದ್ದ ಮೇಲೆ ಇಲ್ಲಿ ಜೂಜು ಅಪರಾಧ ಹೇಗಾಯಿತು?

ಮರುವರ್ಷವೇ ಕಾಂಗ್ರೆಸ್ಸು ಕಾನೂನು ತಂತು. ಅದನ್ನು ಬುಡಕಟ್ಟುಗಳಿಗೆ ಕೊಟ್ಟ ಕೊಡುಗೆ ಎಂದು ಓದುವವರುಂಟು. ನನ್ನ ಓದು ಬೇರೆ: ಕೋರ್ಟಿನಲ್ಲಿ ಗೆದ್ದ ಹಕ್ಕಿಗೆ ಹಾಕಿದ ಮೂಗುದಾರ ಅದು. ದೊಡ್ಡ ಕ್ಯಾಸಿನೋ ಆಟ ಬೇಕಿದ್ದರೆ ರಾಜ್ಯದ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಲಾಭ ಇಂತಿಂಥ ಕೆಲಸಕ್ಕೇ ಹೋಗಬೇಕು ಎಂದು ಅದು ಕಟ್ಟು ಹಾಕಿತು: ಬುಡಕಟ್ಟಿನ ಆಡಳಿತ, ಜನರ ಯೋಗಕ್ಷೇಮ, ಆರ್ಥಿಕ ಅಭಿವೃದ್ಧಿ, ದಾನಧರ್ಮ, ಅಕ್ಕಪಕ್ಕದ ಸ್ಥಳೀಯ ಸಂಸ್ಥೆಗಳಿಗೆ ನೆರವು. ಯಾವ ಖಾಸಗಿ ಕ್ಯಾಸಿನೋ ಮಾಲೀಕನಿಗೆ ಇಂಥ ಕಟ್ಟುಪಾಡಿದೆ? ತೆರಿಗೆ ಕಟ್ಟಲ್ವಂತೆ ಎಂಬ ಮಾತೂ ಅರ್ಧ ಸತ್ಯ. ಸರ್ಕಾರವಾದ್ದರಿಂದ ಬುಡಕಟ್ಟು ಆದಾಯ ತೆರಿಗೆ ಕಟ್ಟುವುದಿಲ್ಲ. ಲಾಭದಲ್ಲಿ ತಲೆಗಿಷ್ಟು ಎಂದು ಹಂಚಿದರೆ, ಪಡೆದವರು ಫೆಡರಲ್ ತೆರಿಗೆ ಕಟ್ಟಲೇಬೇಕು.

ಹಾಗಂತ ಬುಡಕಟ್ಟುಗಳ ಪರ ವಕೀಲರು ಆಡುವ ಮಾತೆಲ್ಲವನ್ನೂ ನಾನು ಒಪ್ಪುವುದಿಲ್ಲ. ಅವರು ಎರಡು ಹಕ್ಕುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ತಮ್ಮ ನೆಲದಲ್ಲಿ ಆಟ ನಡೆಸುವ ಹಕ್ಕು ಸಾರ್ವಭೌಮತ್ವದಿಂದ ಬಂದದ್ದು. ಆಚೆಗೆ ಬೇರೆ ಯಾರೂ ನಡೆಸಬಾರದು ಎಂಬ ಏಕಸ್ವಾಮ್ಯ ಮಾತ್ರ ರಾಜ್ಯದ ಮತದಾರರು ಕೊಟ್ಟದ್ದು. ಅದಕ್ಕೆ ಬುಡಕಟ್ಟುಗಳು ಬೆಲೆಯೂ ತೆತ್ತಿವೆ. ಕ್ಯಾಸಿನೋ ಇಲ್ಲದ ಅಥವಾ ಬಹಳ ಸಣ್ಣದಿರುವ ಬುಡಕಟ್ಟುಗಳಿಗೆ ವರ್ಷಕ್ಕೆ ತಲಾ 11 ಲಕ್ಷ ಡಾಲರ್ ಸಲ್ಲುವುದು ಕ್ಯಾಸಿನೋ ಇರುವವರು ತುಂಬುವ ನಿಧಿಯಿಂದಲೇ. ಆದರೂ ಮತದಾರ ಕೊಟ್ಟದ್ದನ್ನು ಮತದಾರನೇ ವಾಪಸು ಪಡೆಯಬಹುದು. ಆ ಭಯ ಎಷ್ಟು ದುಬಾರಿ ಎಂಬುದು 2022ರಲ್ಲಿ ಕಂಡಿತು. ಕ್ರೀಡಾ ಬಾಜಿಯ ಎರಡು ಪ್ರಸ್ತಾಪಗಳ ಮೇಲೆ ಎರಡೂ ಕಡೆಯವರು ಸೇರಿ 45 ಕೋಟಿ ಡಾಲರಿಗೂ ಮಿಕ್ಕಿ ಸುರಿದರು. ಬುಡಕಟ್ಟುಗಳದ್ದು ಮೂರನೇ ಎರಡರಷ್ಟು ವಿರೋಧ ಮತಗಳಿಂದ ಬಿತ್ತು. ಆನ್‌ಲೈನ್ ಕಂಪನಿಗಳದ್ದಕ್ಕೆ ನೂರಕ್ಕೆ ಇಪ್ಪತ್ತು ಮತವೂ ಬರಲಿಲ್ಲ.

ಕಾರ್ಡ್ ರೂಮಿನ ಕಡೆಯೂ ಬಡಪಾಯಿಗಳಿದ್ದಾರೆ. ಹವಾಯಿಯನ್ ಗಾರ್ಡನ್ಸ್‌ನಂಥ ಪುಟ್ಟ ಊರಿನ ಪುರಸಭೆಗೆ ಬರುವ ದುಡ್ಡಿನಲ್ಲಿ ಬಹುಪಾಲು ಅಲ್ಲಿನ ಕ್ಲಬ್ಬಿನದ್ದು. ಆ ಕುರ್ಚಿ ಖಾಲಿಯಾದರೆ ಪೊಲೀಸರ ಸಂಬಳಕ್ಕೂ ಪರದಾಟ. ಊರಿನವರು ಸಭೆಗಳಲ್ಲಿ ಎದ್ದು ನಿಂತು ಹೇಳುವುದು ಇದನ್ನೇ, ಸುಳ್ಳಲ್ಲ.

ವಿಚಿತ್ರವೆಂದರೆ, ಬಹುಕಾಲ ಬುಡಕಟ್ಟುಗಳಿಗೆ ಈ ಬಗ್ಗೆ ದಾವೆ ಹೂಡಲೂ ಆಗಲಿಲ್ಲ. ನೀವು ಸರ್ಕಾರ, ಅನುಚಿತ ವ್ಯಾಪಾರ ಸ್ಪರ್ಧೆಯ ಮೇಲೆ ದಾವೆ ಹೂಡಲು ಬಿಡುವ ಕಾನೂನು ಹೇಳುವ 'ವ್ಯಕ್ತಿ' ನೀವಲ್ಲ ಎಂದು ರಾಜ್ಯದ ಕೋರ್ಟು ಬಾಗಿಲು ಹಾಕಿತ್ತು. 2024ರಲ್ಲಿ ಶಾಸನಸಭೆ ಒಂದೇ ಒಂದು ಸಲಕ್ಕೆ ದಾವೆ ಹೂಡಲು ಅವಕಾಶ ಕೊಟ್ಟಿತು, ಅದೂ ನಷ್ಟಪರಿಹಾರ ಕೇಳಕೂಡದೆಂಬ ಷರತ್ತಿನ ಮೇಲೆ. ಬುಡಕಟ್ಟುಗಳು 2025ರ ಜನವರಿಯಲ್ಲಿ ಸ್ಯಾಕ್ರಮೆಂಟೊದಲ್ಲಿ ದಾವೆ ಹೂಡಿದವು. ಅದೇ ವರ್ಷ ಅಲ್ಲಿನ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಬ್ಯಾಂಕು ಯಾರದ್ದೆಂಬ ಪ್ರಶ್ನೆಗೆ ಅವರು ಕೈ ಹಾಕಲೇ ಇಲ್ಲ. ಕೊಟ್ಟ ಕಾರಣ, 1988ರ ಆ ಫೆಡರಲ್ ಕಾನೂನೇ ಅಡ್ಡ ಬರುತ್ತದೆ ಎಂಬುದು.